ಬೆಸುಗೆ ಹಿಡಿಯದ ಸೂಜಿಗಲ್ಲು

ತಗಡಿನ ಮೇಸ್ತ್ರಿಗೆ ಲೋಕದಲ್ಲಿ ಪೂರ್ತಿ ನಂಬಿಕೆ ಇದ್ದದ್ದು ಬೆಸುಗೆಯ ಮೇಲೆ ಮಾತ್ರ. ಹೆಂಡತಿಯ ಕನ್ನಡಕದ ಕಾಲು ಮುರಿದರೆ ಬೆಸುಗೆ, ಬಾಗಿಲ ಚಿಲಕ ಅಲ್ಲಾಡಿದರೆ ಬೆಸುಗೆ, ಚಪ್ಪಲಿಯ ಬಕ್ಕಲು ಕಿತ್ತುಬಂದರೆ ಅದಕ್ಕೂ ಒಂದು ತೊಟ್ಟು ಸೀಸ. ಒಮ್ಮೆ ಗಂಡ ಹೆಂಡಿರ ನಡುವೆ ಮಾತು ಬೆಳೆದಾಗ ಆಕೆ, ನನ್ನ ಬಾಯಿಗೂ ಒಂದು ಬೆಸುಗೆ ಹಾಕಿಬಿಡಿ, ಇಬ್ಬರಿಗೂ ನೆಮ್ಮದಿ ಎಂದಿದ್ದಳಂತೆ. ಅಷ್ಟು ಸೀಸ ಎಲ್ಲಿಂದ ತರಲಿ ಎಂದು ಅವನು ತಲೆ ಎತ್ತದೆ ಉತ್ತರ ಕೊಟ್ಟಿದ್ದ.

ಅಂಗಡಿಯೆಂದರೆ ಬೀದಿಗೆ ಬಾಯಿ ತೆರೆದ ಒಂದು ಕೋಣೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಮೇಲಿಂದ ಲಾಳಿಕೆಗಳು, ಹಾಲಿನ ಕ್ಯಾನುಗಳು, ಮುಚ್ಚಳಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು. ಮೂಲೆಯಲ್ಲಿ ಇದ್ದಿಲ ಒಲೆ, ಪಕ್ಕದಲ್ಲಿ ಮರದ ದಿಮ್ಮಿಗೆ ಹೊಡೆದು ನಿಲ್ಲಿಸಿದ ದೊಡ್ಡ ಕತ್ತರಿ. ಅವನ ಅಪ್ಪನೂ ಅಲ್ಲೇ ಕೂತು ಜೀವನ ಕಳೆದವನು. ಆದರೆ ಅಪ್ಪನ ಕೆಲಸ ಬೇರೆ ಬಗೆಯದು. ಸೀಸ ಕೊಳ್ಳುವ ಶಕ್ತಿ ಇಲ್ಲದ ಕಾಲ. ಎರಡು ತಗಡಿನ ಅಂಚನ್ನು ಒಂದಕ್ಕೊಂದು ಮಡಚಿ, ಮಡಿಕೆಯನ್ನು ಮತ್ತೆ ಮಡಚಿ, ಮರದ ಕೊಡತಿಯಿಂದ ತಟ್ಟಿ ತಟ್ಟಿ ನೀರು ಜಿನುಗದ ಹಾಗೆ ಕೂಡಿಸುತ್ತಿದ್ದ. ಬೆಂಕಿ ಬೇಡ, ಬೆರಳು ಸಾಕು ಎನ್ನುತ್ತಿದ್ದ. ಒಂದು ಕ್ಯಾನಿಗೆ ಅರ್ಧ ದಿನ. ಮಗ ದೊಡ್ಡವನಾಗಿ ಬೆಸುಗೆ ಕಲಿತ ಮೇಲೆ ಅದೇ ಕ್ಯಾನು ಒಂದು ಗಳಿಗೆಯ ಕೆಲಸವಾಯಿತು. ಅಪ್ಪನ ಕೊಡತಿ ಅಟ್ಟ ಸೇರಿತು.

ಇನ್ನೊಂದು ಗುಣ ಅವನದು, ಏನನ್ನು ಕಂಡರೂ ಯಾಕೆ ಎಂದು ಕೇಳುವುದು. ಒಂಬತ್ತು ವರ್ಷದವನಾಗಿದ್ದಾಗ ಸೋದರಮಾವನ ಸೈಕಲ್ಲಿನ ಡೈನಮೋ ಬಿಚ್ಚಿದ್ದ. ಗಾಲಿ ತಿರುಗಿದರೆ ದೀಪ ಹತ್ತುತ್ತದಲ್ಲ, ಒಳಗೆ ಬೆಂಕಿ ಎಲ್ಲಿ ಕೂತಿದೆ ನೋಡೋಣ ಎಂದು. ಸಿಕ್ಕಿದ್ದು ಒಂದು ಕರಿಯ ಕಲ್ಲು, ಅದರ ಸುತ್ತ ಒಂದಿಷ್ಟು ತಂತಿ. ಬೆಂಕಿಯೂ ಇಲ್ಲ, ಬೂದಿಯೂ ಇಲ್ಲ. ಆ ಸಂಜೆ ಬಿದ್ದ ಪೆಟ್ಟು ಮರೆತುಹೋಯಿತು. ಕಲ್ಲು ಮಾತ್ರ ತಲೆಯೊಳಗೆ ಹಾಗೇ ಉಳಿಯಿತು. ಕಲ್ಲಿನೊಳಗಿಂದ ಬೆಳಕು ಹೇಗೆ ಬರುತ್ತದೆ? ಐವತ್ತು ವರ್ಷ ಕಳೆದರೂ ಯಾರೂ ಅವನಿಗೆ ಸರಿಯಾಗಿ ಹೇಳಿರಲಿಲ್ಲ.

ಆ ಪ್ರಶ್ನೆಗೆ ಮತ್ತೆ ಜೀವ ಬಂದದ್ದು ಅಕ್ಕನ ದೆಸೆಯಿಂದ.

ಅಕ್ಕ ಅವನಿಗಿಂತ ಆರು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಬೆಟ್ಟದ ದಾರಿಯ ನೆತ್ತಿಯಲ್ಲಿ ಒಬ್ಬಳೇ ಚಹಾದ ಅಂಗಡಿ ನಡೆಸಿಕೊಂಡಿದ್ದಳು. ಅಲ್ಲಿಗೆ ಕರೆಂಟಿನ ಕಂಬ ಇರಲಿಲ್ಲ. ಒಮ್ಮೆ ಬಿಸಿಲಿನಿಂದ ಕರೆಂಟು ಮಾಡುವ ಸೋಲಾರ್ ಹಲಗೆ ಹಾಕಿಸಿ ನೋಡಿದಳು. ವರ್ಷದಲ್ಲಿ ಎಂಟು ತಿಂಗಳು ಮಂಜು ಮುಸುಕುವ ಜಾಗ, ಹಲಗೆ ಇದ್ದೂ ಇಲ್ಲದಂತಾಯಿತು. ಗಾಳಿಗೆ ಮಾತ್ರ ಬರವಿಲ್ಲ. ಪಾತ್ರೆಯ ಮುಚ್ಚಳದ ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ಮುಚ್ಚಳ ಕಣಿವೆಯಲ್ಲಿ. ಸಂಜೆ ಆರೂವರೆಯ ಬಸ್ಸು ಅಲ್ಲಿ ಕಾಲು ಗಂಟೆ ನಿಲ್ಲುತ್ತಿತ್ತು. ಮೂವತ್ತು ನಲವತ್ತು ಜನ ಇಳಿದು ಚಹಾ ಕುಡಿಯುತ್ತಿದ್ದರು. ಅವಳ ಜೀವನ ಎಂದರೆ ಆ ಕಾಲು ಗಂಟೆ.

ಆ ವರ್ಷ ಮಂಜಿನಲ್ಲಿ ಬಸ್ಸಿಳಿದ ಒಬ್ಬ ಹೆಂಗಸು ಚರಂಡಿಗೆ ಕಾಲಿಟ್ಟು ಬಿದ್ದಳು. ಬಸ್ಸಿನ ತನಿಖೆಯವನು ಬಂದು ಹೇಳಿಹೋದ: ಬರುವ ತಿಂಗಳ ಒಂದನೇ ತಾರೀಖಿನಿಂದ ತಿರುವಿನಿಂದಲೇ ದೀಪ ಕಾಣುವ ಕಡೆ ಮಾತ್ರ ಬಸ್ಸು ನಿಲ್ಲುತ್ತದೆ. ಲಾಂದ್ರ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಬೆಟ್ಟದ ಆಚೆ ಬದಿಯ ಹೊಸ ಹೋಟೆಲಿನಲ್ಲಿ.

ಅಕ್ಕ ತಮ್ಮನ ಅಂಗಡಿಗೆ ಬಂದು, ಚೌಕದ ಗಂಟು ಬಿಚ್ಚಿ, ಇದ್ದ ದುಡ್ಡನ್ನು ದಿಮ್ಮಿಯ ಮೇಲಿಟ್ಟಳು. "ಇಷ್ಟೇ ಇರೋದು. ದೀಪ ಆಗತ್ತೋ ಇಲ್ವೋ ಹೇಳು. ಆಗದಿದ್ರೆ ಅಂಗಡಿ ಮುಚ್ಚಿ ನಿನ್ನ ಮನೆಗೇ ಬಂದ್ಬಿಡ್ತೀನಿ."

ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ, ಗೋಡೆಯ ಆಚೆ ಹೊಲಿಯುತ್ತಿದ್ದ ಹೆಂಡತಿಯ ಮಿಷನ್ನಿನ ಸದ್ದು ಅಲ್ಲಿಗೆ ನಿಂತಿತು.

ಇಬ್ಬರೂ ಒಳ್ಳೆಯ ಹೆಂಗಸರೇ. ದೂರದಲ್ಲಿದ್ದಾಗ ಒಬ್ಬರಿಗೊಬ್ಬರು ಉಪ್ಪಿನಕಾಯಿ ಕಳಿಸುವಷ್ಟು ಪ್ರೀತಿ. ಆದರೆ ಒಂದು ಒರೆಯಲ್ಲಿ ಎರಡು ಕತ್ತಿ ಕೂರುವುದುಂಟೆ? ಹೋದ ಸಲ ಅಕ್ಕ ನಾಲ್ಕು ದಿನ ಉಳಿದಾಗ ಪಾತ್ರೆಯನ್ನು ಬೋರಲು ಇಡಬೇಕೋ ಅಂಗಾತ ಇಡಬೇಕೋ ಎಂಬ ಮಾತಿನಲ್ಲಿ ಎರಡು ದಿನ ಮುಗಿದಿತ್ತು. ಅದಕ್ಕಿಂತ ಹೆಚ್ಚಾಗಿ ಮೇಸ್ತ್ರಿಗೆ ಗೊತ್ತಿತ್ತು, ಬೆಟ್ಟದ ಗಾಳಿಗೆ ಒಗ್ಗಿಹೋದ ಅಕ್ಕ ಈ ಎರಡು ಕೈ ಅಗಲದ ಮನೆಯಲ್ಲಿ ಬಾಡಿಹೋಗುತ್ತಾಳೆ.

ಆಗತ್ತೆ ಅಂದುಬಿಟ್ಟ. ಹೇಗೆ ಎಂದು ಆಮೇಲೆ ಯೋಚನೆ ಮಾಡಿದ.

ಪಕ್ಕದ ಬೀದಿಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುವವನೊಬ್ಬನಿದ್ದ. ಎಲ್ಲರೂ ವೈಂಡಿಂಗಿನವನು ಎನ್ನುತ್ತಿದ್ದರು. ಸುತ್ತು ಎಣಿಸುವುದೇ ಕೆಲಸವಾದ್ದರಿಂದ ಮಾತು ಕಡಿಮೆ, ಯಾರಾದರೂ ನಡುವೆ ಮಾತಾಡಿಸಿದರೆ ಮೊದಲಿಂದ ಎಣಿಸಬೇಕಲ್ಲ. ಮೇಸ್ತ್ರಿ ಕೇಳಿದ್ದಕ್ಕೆ ಅವನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಗಾಲಿ ಬರೆದ. ಗಾಲಿಯ ಅಂಚಿನಲ್ಲಿ ಹನ್ನೆರಡು ಮ್ಯಾಗ್ನೆಟ್ಟು, ಅಂದರೆ ಸೂಜಿಗಲ್ಲು. ಎಲ್ಲ ಒಂದೇ ಅಳತೆ. ಒಂದರ ಮುಖ ಮೇಲೆ, ಮುಂದಿನದರ ಮುಖ ಕೆಳಗೆ, ಸರದಿ ತಪ್ಪಬಾರದು. ಎದುರಿಗೆ ತಂತಿಯ ಸುರುಳಿ, ಅದನ್ನು ತಾನೇ ಸುತ್ತಿಕೊಡುತ್ತೇನೆ ಎಂದ. ಗಾಳಿ ಗಾಲಿ ತಿರುಗಿಸಿದರೆ ಸುರುಳಿಯಲ್ಲಿ ಕರೆಂಟು. ಬಲವಾದ ಕಲ್ಲಾದರೆ ಚಿಕ್ಕ ಗಾಲಿ ಸಾಕು, ಸಪ್ಪೆ ಕಲ್ಲಾದರೆ ದೊಡ್ಡದು ಬೇಕು. "ಕಬ್ಬಿಣದ ಗಾಲಿಗೆ ಅದು ತಾನಾಗೇ ಕಚ್ಚತ್ತೆ. ಆದ್ರೂ ತಿರುಗುವಾಗ ಸಿಡಿಯತ್ತೆ. ಎರಡು ಟ್ಯೂಬು ಬೆರೆಸ್ತಾರಲ್ಲ, ಆ ಅಂಟು ಹಾಕಿ ಕೂರಿಸಣ್ಣ."

ಮೇಸ್ತ್ರಿ ನೂರು ಪ್ರಶ್ನೆ ಕೇಳಿದ. ಸರದಿ ಯಾಕೆ, ಹನ್ನೆರಡೇ ಯಾಕೆ, ತಂತಿ ತಾಮ್ರವೇ ಯಾಕೆ ಆಗಬೇಕು. ಅಂಟು ಎಂದಾಗ ಮಾತ್ರ ಮೂಗಿನಲ್ಲಿ ನಕ್ಕ. ಅಂಟು ಮಕ್ಕಳ ಗಾಳಿಪಟಕ್ಕೆ. ಎಲ್ಲಕ್ಕೂ ಯಾಕೆ ಎನ್ನುವ ಮನುಷ್ಯ ಅದೊಂದಕ್ಕೆ ಯಾಕೆ ಎನ್ನಲಿಲ್ಲ.

ಮಾರನೆಯ ದಿನ ಒಂದು ಡಬ್ಬಿ ಚಿಕ್ಕ ಮೊಳೆ ಹಿಡಿದುಕೊಂಡು ಗುಜರಿ ಅಂಗಡಿಗೆ ಹೋದ. ಗುಜರಿಯವನು ಎರಡು ಬಗೆ ತೋರಿಸಿದ. ಒಂದು, ಹಳೆಯ ಸ್ಪೀಕರುಗಳಿಂದ ಕಿತ್ತ ಕರಿಯ ಬಳೆ. ಸುಟ್ಟ ಹಂಚಿನ ಹಾಗೆ ಒರಟು, ಭಾರ, ಅಂಚು ಚಕ್ಕೆ ಎದ್ದದ್ದು. ಇನ್ನೊಂದು, ಯಾವುದೋ ಕೆಟ್ಟ ಯಂತ್ರದಿಂದ ಬಿಚ್ಚಿದ ಬಿಲ್ಲೆಗಳು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು, ಬೆಳ್ಳಿಯ ಹಾಗೆ ಫಳಫಳ. ಮೇಸ್ತ್ರಿ ಒಂದು ಬಿಲ್ಲೆ ಎತ್ತಿದ್ದೇ ತಡ, ಇನ್ನೊಂದು ಹಾರಿ ಬಂದು ನಡುವೆ ಅವನ ಬೆರಳನ್ನು ಕಚ್ಚಿತು. ರಕ್ತ ಬಂದರೂ ಅವನ ಮುಖದಲ್ಲಿ ಸಂತೋಷ.

ನೆಲದ ಮೇಲೆ ಕೂತು ಪರೀಕ್ಷೆ ಶುರು ಮಾಡಿದ. ಒಂದೊಂದು ಕಲ್ಲನ್ನೂ ಮೊಳೆಯ ಡಬ್ಬಿಯಲ್ಲಿ ಅದ್ದಿ, ಎತ್ತಿ, ಅಂಟಿದ ಮೊಳೆ ಎಣಿಸುವುದು. ಗುಜರಿಯವನು ಕೇಳಿದ, "ತಕ್ಕಡಿ ಇಲ್ಲೇ ಇದೆಯಲ್ಲ ಮೇಸ್ತ್ರಿ, ಮೊಳೆ ಯಾಕೆ?"

"ತಕ್ಕಡಿ ತೂಕ ಹೇಳತ್ತೆ. ದಮ್ಮು ಹೇಳಲ್ಲ."

ಕರಿಯ ಬಳೆ ನಲವತ್ತು ಮೊಳೆ ಎತ್ತಿತು. ಬಿಲ್ಲೆ, ಅಷ್ಟು ಚಿಕ್ಕದು, ನೂರಹತ್ತು. ಬೆಲೆಯನ್ನು ಮೇಸ್ತ್ರಿ ಲಾಳಿಕೆಯಲ್ಲೇ ಲೆಕ್ಕ ಹಾಕುವವನು. ಕರಿಯದು ಅರ್ಧ ಲಾಳಿಕೆಯ ದುಡ್ಡು, ಬಿಲ್ಲೆ ಮೂರು ಲಾಳಿಕೆಯದು. ಅಂದರೆ ಕೊಟ್ಟ ದುಡ್ಡಿಗೆ ಕರಿಯದೇ ಎರಡು ಪಟ್ಟು ಲಾಭ. ಬುದ್ಧಿ ಇಷ್ಟನ್ನೂ ಹೇಳಿತು. ಆದರೆ ಕಣ್ಣು ಬಿಲ್ಲೆಯನ್ನು ಬಿಡಲೊಲ್ಲದು. ಬಲವಾದ ಕಲ್ಲು, ಚಿಕ್ಕ ಗಾಲಿ, ಸಣ್ಣ ಗಾಳಿಗೂ ತಿರುಗೀತು ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡು, ಚೌಕಾಸಿ ಮಾಡಿ, ಅಕ್ಕನ ದುಡ್ಡಿನಲ್ಲಿ ಮುಕ್ಕಾಲು ಪಾಲು ಸುರಿದು ಹನ್ನೆರಡು ಬಿಲ್ಲೆ ತಂದ.

ಕಬ್ಬಿಣದ ಗಾಲಿಯನ್ನು ಇದ್ದಿಲ ಒಲೆಯ ಮೇಲಿಟ್ಟು ಕಾಸಿದ. ದಪ್ಪ ಕಬ್ಬಿಣ, ಚೆನ್ನಾಗಿ ಕಾಯದೆ ಸೀಸ ಹರಿಯದು. ಗೆರೆ ಎಳೆದ ಜಾಗದಲ್ಲಿ ಒಂದೊಂದೇ ಬಿಲ್ಲೆ ಇಟ್ಟ. ಮೊದಮೊದಲಿನವು ಠಕ್ಕೆಂದು ಕಚ್ಚಿದವು. ಸೀಸ ಹಾಲಿನ ಹಾಗೆ ಸುತ್ತ ಹರಿದು ಕೂತಿತು. ಇಂಥ ಚಂದದ ಬೆಸುಗೆ ತಾನು ಜನ್ಮದಲ್ಲಿ ಹಾಕಿಲ್ಲ ಅನ್ನಿಸಿತು ಅವನಿಗೆ. ಕಾದ ಬಿಲ್ಲೆಗಳು ಪಕ್ಕದಲ್ಲಿ ಹೊಸದು ತಂದರೂ ಮಿಸುಕದಿರುವುದನ್ನು ಗಮನಿಸಿದ. ಬಿಸಿಗೆ ಸುಸ್ತಾಗಿವೆ, ಆರಿದರೆ ಚೇತರಿಸಿಕೊಳ್ಳುತ್ತವೆ ಅಂದುಕೊಂಡ.

ಗಾಲಿ ಆರಿತು. ಮೊಳೆಯ ಡಬ್ಬಿ ತಂದು ಮೊದಲನೆಯ ಬಿಲ್ಲೆಗೆ ಹಿಡಿದ. ಮೂರು ಮೊಳೆ ಅಂಟಿದವು. ಎರಡು ಜಾರಿದವು. ಎರಡನೆಯದಕ್ಕೆ ಹಿಡಿದ. ಮೂರನೆಯದಕ್ಕೆ. ಹನ್ನೆರಡನೆಯದರ ತನಕ ಹಿಡಿದು ನೋಡಿ, ಡಬ್ಬಿ ಮುಚ್ಚಿ, ಗಾಲಿಯನ್ನು ಬಾಗಿಲ ಹಿಂದೆ ತಿರುಗಿಸಿಟ್ಟ. ಅವತ್ತು ಊಟಕ್ಕೆ ಕೂತವನು ಉಪ್ಪು ಕಡಿಮೆಯಾಗಿದ್ದನ್ನೂ ಹೇಳಲಿಲ್ಲ.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ಹೆಂಡತಿಯ ಕೈಯಿಂದ ಹೊಲಿಗೆಯ ಸೂಜಿ ಬಿತ್ತು. ಮನೆಯಲ್ಲಿ ಇಷ್ಟೊಂದು ಸೂಜಿಗಲ್ಲು ಇರುವಾಗ ಬಗ್ಗಿ ಹುಡುಕುವುದೇಕೆ ಎಂದು ಗಾಲಿಯನ್ನೇ ನೆಲದ ಮೇಲೆ ಆಡಿಸಿದಳು. ಸೂಜಿ ಕಣ್ಣೆದುರಿಗೇ ಬಿದ್ದಿತ್ತು, ಗಾಲಿ ಅದರ ಮೇಲೆ ಹಾದುಹೋಯಿತು. ಸೂಜಿ ಎದ್ದು ಬರಲಿಲ್ಲ.

ಆಕೆ ಗಾಲಿ ನೋಡಿದಳು, ಗಂಡನ ಬೆನ್ನು ನೋಡಿದಳು. ಕೂಗಾಡುತ್ತಾಳೆ ಎಂದು ಅವನು ಕಾದ. ಆಕೆ ಮೆಲ್ಲಗೆ ಕೇಳಿದ್ದು ಇಷ್ಟೇ: "ಅಕ್ಕನಿಗೆ ಯಾವ ರೂಮು ಕೊಡೋಣ?"

ಮನೆಯಲ್ಲಿ ಇದ್ದದ್ದೇ ಒಂದು ರೂಮು.

ಮೇಸ್ತ್ರಿ ಗಾಲಿಯನ್ನು ಕಂಕುಳಲ್ಲಿ ಇರುಕಿಕೊಂಡು ವೈಂಡಿಂಗಿನವನ ಹತ್ತಿರ ಹೋದ. ಅವನು ಬೆಸುಗೆ ನೋಡಿದವನೇ ಕೈಯಲ್ಲಿದ್ದ ತಂತಿ ಬಿಟ್ಟ. ಎಣಿಕೆ ತಪ್ಪಿತು. "ಬಿಸಿ ಮಾಡಿದ್ರಾ? ಇದಕ್ಕೆ ಕುದಿಯೋ ನೀರಿನ ಬಿಸಿಯೂ ಆಗಲ್ಲಣ್ಣ. ಸತ್ತೇ ಹೋಗತ್ತೆ. ಅದಕ್ಕೇ ತಾನೆ ಅಂಟು ಅಂದಿದ್ದು?"

"ಸತ್ತೇ ಹೋಗತ್ತೆ ಅಂದ್ರೆ, ಎಲ್ಲಿಗೆ ಹೋಗತ್ತೆ?" ಎಂದ ಮೇಸ್ತ್ರಿ. ಅಕ್ಕನ ದುಡ್ಡು ನೀರಲ್ಲಿ ಹೋಗಿದ್ದರೂ ಅದನ್ನು ಕೇಳದೆ ಇರಲಾಗಲಿಲ್ಲ. ಕಲ್ಲು ಹಾಗೇ ಇದೆ, ಬಣ್ಣ ಹಾಗೇ ಇದೆ, ತೂಕ ಹಾಗೇ ಇದೆ. ಹೋದದ್ದು ಯಾವುದು?

ವೈಂಡಿಂಗಿನವನು ತನಗೆ ತಿಳಿದಷ್ಟು ಹೇಳಿದ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಕಣಗಳಿವೆಯಂತೆ, ಶಾಲೆಯ ಮಕ್ಕಳು ಸಾಲಾಗಿ ನಿಂತಂತೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವಂತೆ. ಬಿಸಿ ತಾಗಿದರೆ ಗಂಟೆ ಹೊಡೆದ ಹಾಗೆ ದಿಕ್ಕಾಪಾಲು. ಕರಿಯ ಬಳೆಯ ಸಾಲು ಅಷ್ಟು ಸುಲಭಕ್ಕೆ ಕದಲದು, ನಿಮ್ಮ ಬೆಸುಗೆಯ ಬಿಸಿಗೆ ಜಗ್ಗದು ಎಂದ.

ಆ ಮಾತು ಕೇಳಿದ್ದೇ ಮೇಸ್ತ್ರಿಗೆ ಜೀವ ಬಂತು. ಗುಜರಿಯವನಲ್ಲಿಗೆ ಓಡಿ ಒಂದು ಒಡಕು ಕರಿಯ ಬಳೆ ತಂದು ಬೆಸುಗೆ ಹಾಕಲು ಕೂತ. ಸೀಸ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಳಿ ಉರುಳಿ ಬೂದಿಗೆ ಬಿತ್ತು. ಉಜ್ಜಿದ, ಕೆರೆದ, ಸೀಸ ಹಿಡಿಸುವ ಔಷಧಿ ಹಚ್ಚಿದ. ಏನು ಮಾಡಿದರೂ ಹಿಡಿಯಲಿಲ್ಲ. ಬೆಸುಗೆ ಹಿಡಿಯುವ ಕಲ್ಲು ಕಾವು ತಡೆಯದು, ಕಾವು ತಡೆಯುವ ಕಲ್ಲು ಬೆಸುಗೆ ಹಿಡಿಯದು. ನಲವತ್ತು ವರ್ಷದ ಕಸುಬು ಕೈಕೊಟ್ಟಿತ್ತು. ಒಂದನೇ ತಾರೀಖಿಗೆ ಇನ್ನು ಹನ್ನೊಂದು ದಿನ.

ಅಷ್ಟರಲ್ಲಿ ಗುಜರಿಯವನೇ ಹೇಳಿಕಳಿಸಿದ. ಮುಚ್ಚಿದ ಸಿನಿಮಾ ಥಿಯೇಟರಿನ ಸಾಮಾನು ಬಂದಿದೆ, ಗೋಡೆಯ ಸ್ಪೀಕರುಗಳು ಹದಿನಾರು, ಎಲ್ಲ ಒಂದೇ ಅಚ್ಚಿನವು, ಬಳೆ ಅಂಗೈ ಅಗಲ. ಮೇಸ್ತ್ರಿ ಮೊಳೆಯ ಡಬ್ಬಿ ಹಿಡಿದು ಹೋದ. ಒಂದು ಬಳೆ ತೊಂಬತ್ತು ಮೊಳೆ ಎತ್ತಿತು. ಹದಿನಾರನ್ನೂ ಪರೀಕ್ಷೆ ಮಾಡಿ, ಒಂದೇ ಸಮ ಎತ್ತುವ ಹನ್ನೆರಡನ್ನು ಆರಿಸಿದ. ಮುಖಗಳ ಸರದಿ ತಪ್ಪದಿರಲೆಂದು ಒಂದನ್ನು ಕೈಯಲ್ಲಿ ಹಿಡಿದು ಉಳಿದವುಗಳ ಮುಖಕ್ಕೆ ತೋರಿಸಿದ, ದೂಡಿದ ಮುಖಕ್ಕೆ ಸುಣ್ಣದ ಬೊಟ್ಟು, ಎಳೆದದ್ದಕ್ಕೆ ಬೊಟ್ಟಿಲ್ಲ. ಉಳಿದಿದ್ದ ದುಡ್ಡು ಸಾಲಲಿಲ್ಲ. ಗುಜರಿ ಅಂಗಡಿಯ ಸೂರಿನ ಮಳೆನೀರಿನ ತಗಡಿನ ದೋಣಿ ಮೂರು ವರ್ಷದಿಂದ ಸೋರುತ್ತಿತ್ತು. ಅದನ್ನು ಹೊಸದು ಮಾಡಿಕೊಟ್ಟು, ಬಳೆಗಳ ಜೊತೆ ಒಂದು ದೊಡ್ಡ ಕಬ್ಬಿಣದ ಗಾಲಿಯನ್ನೂ ಸೇರಿಸಿ ಲೆಕ್ಕ ತೀರಿಸಿದ.

ಈಗ ಕೂರಿಸುವುದು ಹೇಗೆ? ಅಂಟು ಹಾಕೋಣ ಎಂದುಕೊಂಡರೆ ವೈಂಡಿಂಗಿನವನೇ ತಲೆಯಾಡಿಸಿದ. ಇಷ್ಟು ಭಾರಕ್ಕೆ ಬರಿ ಅಂಟು ಸಾಲದು, ಬೆಟ್ಟದ ಗಾಳಿಗೆ ಒಂದು ಹಾರಿದರೆ ತಲೆ ಒಡೆಯುತ್ತದೆ, ಮೇಲೆ ಏನಾದರೂ ಹಿಡಿತ ಬೇಕು ಎಂದ.

ಮೇಸ್ತ್ರಿ ಅಟ್ಟ ಹತ್ತಿದ. ಇಳಿದಾಗ ಕೈಯಲ್ಲಿ ಅಪ್ಪನ ಕೊಡತಿ ಇತ್ತು.

ಪ್ರತಿ ಬಳೆಗೂ ತಗಡಿನದೊಂದು ಬಟ್ಟಲು, ಬಟ್ಟಲಿಗೆ ನಾಲ್ಕು ಕಿವಿ, ಕಿವಿಯನ್ನು ಗಾಲಿಯ ಸೀಳಿನಲ್ಲಿ ತೂರಿಸಿ ಹಿಂದೆ ಮಡಚಿ, ಮಡಿಕೆಯನ್ನು ಮತ್ತೆ ಮಡಚಿ ತಟ್ಟುವುದು. ಬೆಂಕಿ ಬೇಡ, ಬೆರಳು ಸಾಕು. ಮೊದಲನೆಯ ಬಟ್ಟಲನ್ನು ಡಬ್ಬಿಯ ತಗಡಿನಲ್ಲೇ ಮಾಡಿದ. ಮೊಳೆ ಹಿಡಿದು ನೋಡಿದರೆ ತೊಂಬತ್ತು ಎತ್ತುತ್ತಿದ್ದ ಕಲ್ಲು ಮೂವತ್ತಕ್ಕೆ ಇಳಿದಿತ್ತು. ಮತ್ತೆ ಯಾಕೆ? ಆ ಸಲ ಅವನು ಕೇಳಿಯೇ ತೀರಿದ. ಡಬ್ಬಿಯ ತಗಡೂ ಒಳಗೆ ಕಬ್ಬಿಣವೇ, ಕಲ್ಲಿನ ಬಲವನ್ನೆಲ್ಲ ಅದೇ ಕುಡಿದುಬಿಡುತ್ತದೆ ಎಂದ ವೈಂಡಿಂಗಿನವನು. ಆಯುಷ್ಯವೆಲ್ಲ ತಗಡು ಕತ್ತರಿಸಿದವನಿಗೆ ತಗಡಿನ ಒಳಗುಟ್ಟು ಅವತ್ತು ತಿಳಿಯಿತು. ಮನೆಯ ಪಾತ್ರೆಗಳಿಗೆಲ್ಲ ಸೂಜಿಗಲ್ಲು ಹಿಡಿದುಕೊಂಡು ಸುತ್ತಿದ. ಬಾಣಲೆ ಕಚ್ಚಿತು, ತಟ್ಟೆ ಕಚ್ಚಲಿಲ್ಲ, ಚಮಚೆಗಳಲ್ಲಿ ಅರ್ಧ ಕಚ್ಚಿದವು. ಕಲ್ಲು ತಿರುಗಿಯೂ ನೋಡದ, ಕೊಡತಿಗೂ ಬಗ್ಗುವ ಲೋಹ ಇದ್ದದ್ದು ಹಿತ್ತಾಳೆಯ ಕೊಡದಲ್ಲಿ.

ಅದು ಹೆಂಡತಿಯ ತವರಿನ ಕೊಡ. ತಳದಲ್ಲಿ ಅವನದೇ ಏಳು ಬೆಸುಗೆ, ಆದರೂ ಸೋರುತ್ತಿತ್ತು. ಅವನು ಕೊಡದ ಮುಂದೆ ನಿಂತದ್ದನ್ನು ಆಕೆ ನೋಡಿದಳು. ಬಾಯಿ ಬಿಟ್ಟು ಕೇಳುವ ಧೈರ್ಯ ಅವನಿಗಾಗಲಿಲ್ಲ. ಆಕೆಯೇ ಒಳಗಿನ ನೀರು ಚೆಲ್ಲಿ, ಒರೆಸಿ, ದಿಮ್ಮಿಯ ಮೇಲೆ ತಂದಿಟ್ಟಳು.

"ತಗೊಳ್ಳಿ. ಎಂಟನೇ ಬೆಸುಗೆ ನೋಡೋದಂತೂ ತಪ್ಪತ್ತೆ." ಜೊತೆಗೇ ಸೇರಿಸಿದಳು, "ಕಂಠ ಮಾತ್ರ ಕತ್ತರಿಸಬೇಡಿ. ಅದರ ಮೇಲೆ ನಮ್ಮಮ್ಮ ಹೊಡೆಸಿದ ಹೂವಿದೆ."

ಆರು ದಿನ ಆ ಕೋಣೆಯಿಂದ ಮರದ ಕೊಡತಿಯ ಸದ್ದು ಕೇಳಿತು. ಅಪ್ಪನ ಬೆರಳು ಹೇಗೆ ಬಾಗುತ್ತಿತ್ತು, ಯಾವ ಕೋನದಲ್ಲಿ ಕೊಡತಿ ಇಳಿಯುತ್ತಿತ್ತು ಎಂದು ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಮೊದಲ ನಾಲ್ಕು ಬಟ್ಟಲು ಕೆಟ್ಟವು. ಐದನೆಯದರಿಂದ ಕೈ ಕುದುರಿತು. ಗಾಲಿ ದೊಡ್ಡದಾದ್ದರಿಂದ ವೈಂಡಿಂಗಿನವನು ಸುರುಳಿಯನ್ನು ಮತ್ತೆ ಸುತ್ತಿದ.

ಒಂದನೇ ತಾರೀಖಿಗೆ ಮೂರು ದಿನ ಇರುವಾಗ ಬೆಟ್ಟದ ಮೇಲೆ ನೀರಿನ ಪೈಪಿನ ಕಂಬಕ್ಕೆ ಗಾಲಿ ಏರಿತು. ಮರದ ಮೂರು ರೆಕ್ಕೆ, ಕೆಳಗೆ ಲಾರಿಯ ಹಳೆಯ ಬ್ಯಾಟರಿ, ಸೂರಿನ ತುದಿಗೆ ಒಂದು ದೀಪ. ಎಲ್ಲ ಮುಗಿಸಿ ಮೇಸ್ತ್ರಿ ಹಿಂದೆ ಸರಿದು ನಿಂತ. ಎಲೆಯೂ ಅಲುಗಲಿಲ್ಲ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದಳು. "ಮೂವತ್ತು ವರ್ಷದಿಂದ ಮುಚ್ಚಳ ಹಾರಿಸ್ತಿದ್ದ ಗಾಳಿ ನಿನ್ನ ಮುಖ ನೋಡಿ ಓಡಿಹೋಯ್ತಲ್ಲೋ."

ಆ ದಿನವೆಲ್ಲ ಗಾಳಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಒಲೆಯ ಮೇಲಿನ ಮುಚ್ಚಳ ಖಣಿಲೆಂದು ಹಾರಿತು. ಅಕ್ಕ ಅದನ್ನು ಹಿಡಿಯಲು ಹೋಗದೆ ಹೊರಗೆ ಓಡಿಬಂದಳು. ಭಾರದ ಗಾಲಿ ಮೊದಲು ಮುದುಕನ ಹಾಗೆ ಅರ್ಧ ತಿರುಗಿ ನಿಂತಿತು, ಮತ್ತೆ ತಿರುಗಿತು, ಆಮೇಲೆ ರೆಕ್ಕೆಗಳು ಎಣಿಸಲಾಗದಂತೆ ಒಂದಾದವು. ಹಿತ್ತಾಳೆಯ ಬಟ್ಟಲುಗಳು ಬಂಗಾರದ ಬಳೆಯ ಹಾಗೆ ಕಂಡವು. ಸಂಜೆಯವರೆಗೂ ಮೇಸ್ತ್ರಿ ಕಂಬದ ಬುಡ ಬಿಟ್ಟು ಕದಲಲಿಲ್ಲ. ಯಾವ ಬಟ್ಟಲೂ ಮಿಸುಕಲಿಲ್ಲ.

ಒಂದನೇ ತಾರೀಖು ಆರು ಗಂಟೆಗೇ ಮಂಜು ಇಳಿದು ಕೈ ಚಾಚಿದರೆ ಬೆರಳು ಕಾಣದಂತಾಯಿತು. ಅಕ್ಕ ದೀಪ ಹಾಕಿದಳು. ಬಸ್ಸು ಏರುವ ಸದ್ದು ಕೇಳಿತು. ತಿರುವಿಗೆ ಬಂತು. ನಿಂತಿತು. ನಿಂತದ್ದು ಅಂಗಡಿಯ ಮುಂದೆ ಅಲ್ಲ, ಐವತ್ತು ಹೆಜ್ಜೆ ಕೆಳಗೆ, ತಿರುವಿನಲ್ಲೇ. ಹಾರನ್ನು ಹೊಡೆಯಿತು. ಮತ್ತೆ ಹೊಡೆಯಿತು. ಮೇಸ್ತ್ರಿ ತಿರುಗಿ ದೀಪ ನೋಡಿದ, ಉರಿಯುತ್ತಲೇ ಇತ್ತು. ಅಕ್ಕ ಸೌಟು ಕೈಯಲ್ಲಿ ಹಿಡಿದೇ ಇಳಿದುಹೋದಳು.

ಎದುರಿನಿಂದ ಲಾರಿ ಬರುತ್ತಿದೆ, ಅದಕ್ಕೆ ದಾರಿ ಬಿಟ್ಟು ನಿಂತಿದ್ದೇನೆ ಎಂದ ಡ್ರೈವರು.

"ಲಾರಿಗೆ ಒಂದೇ ಕಣ್ಣಿರತ್ತೇನಪ್ಪ? ಅದು ನನ್ನ ಅಂಗಡಿ ದೀಪ. ಬಾ ಮೇಲೆ, ಚಹಾ ಆರ್ತಾ ಇದೆ."

ಬಸ್ಸು ಮೇಲೆ ಬಂತು. ಮೊದಲ ಸೀಟಿನಿಂದ ಇಳಿದವನು ಆ ತನಿಖೆಯವನೇ. ದೀಪ ನೋಡಿದ, ಕಂಬ ನೋಡಿದ, ಜೇಬಿನಿಂದ ಪುಸ್ತಕ ತೆಗೆದು ಒಂದು ಸಾಲು ಬರೆದುಕೊಂಡ. ಆಮೇಲೆ ಎರಡು ಲೋಟ ಚಹಾ ಕುಡಿದ. ಕಾಲು ಗಂಟೆ ಇಪ್ಪತ್ತು ನಿಮಿಷವಾಯಿತು, ಎಲ್ಲರೂ ಕತ್ತೆತ್ತಿ ಗಾಲಿ ನೋಡುತ್ತ ನಿಂತದ್ದರಿಂದ.

ಮರುದಿನ ಮೇಸ್ತ್ರಿ ಮನೆಗೆ ಬಂದಾಗ ಕೊಡದ ಕಂಠ ಗೋಡೆಯ ಮೊಳೆಗೆ ತೂಗುತ್ತಿತ್ತು, ನಡುವೆ ಒಂದು ಚಿಕ್ಕ ಕನ್ನಡಿ ಕೂತಿತ್ತು. ಬಸ್ಸು ನಿಂತಿತಾ ಎಂದು ಹೆಂಡತಿ ಕೇಳಿದಳು. ನಿಂತಿತು ಎಂದ. ಆಕೆ ಉಪ್ಪಿನಕಾಯಿಯ ಭರಣಿ ಇಳಿಸಿ, ಅಕ್ಕನಿಗೆ ಕಳಿಸಲು ಒಂದು ಡಬ್ಬಿ ತುಂಬತೊಡಗಿದಳು.

ಅವನು ಚಹಾ ಕುಡಿದು ನೇರ ವೈಂಡಿಂಗಿನವನ ಅಂಗಡಿಗೆ ಹೋದ. ಕೈಯಲ್ಲಿ ಸತ್ತ ಬಿಲ್ಲೆಗಳ ಹಳೆಯ ಗಾಲಿ. ಅದನ್ನು ನೆಲದ ಮೇಲಿಟ್ಟು ಎದುರಿಗೆ ಕೂತ. ವೈಂಡಿಂಗಿನವನು ಎಣಿಕೆ ಮುಗಿಸಿ, ತಂತಿಗೆ ಗಂಟು ಹಾಕಿ, ಇವುಗಳ ಸಾಲನ್ನು ಮತ್ತೆ ನಿಲ್ಲಿಸುವವರೂ ಇದ್ದಾರಂತೆ, ದೊಡ್ಡ ಸುರುಳಿಯ ನಡುವೆ ಇಟ್ಟು ಒಂದೇ ಏಟಿಗೆ ಬಲ ತುಂಬುತ್ತಾರಂತೆ ಎಂದ.

ಮೇಸ್ತ್ರಿ ಮುಂದಕ್ಕೆ ಜರುಗಿ ಕೂತ. "ಎಷ್ಟು ದೊಡ್ಡ ಸುರುಳಿ?"